ಬೆಳೆಯ ಪಂಚಾಂಗ, ಕಂತಿನ ಪಂಚಾಂಗ

ಒಂದೊಂದು ಕಾಲಕ್ಕೂ ಒಂದೊಂದು ಗುರುತು ಇರುತ್ತದೆ. ನಮ್ಮ ಅಜ್ಜಂದಿರ ಕಾಲವನ್ನು ಬರಗಾಲಗಳ ಹೆಸರಿನಿಂದಲೂ, ತಂದೆಗಳ ಕಾಲವನ್ನು ಊರಿಗೆ ವಿದ್ಯುದ್ದೀಪ ಬಂದ ವರ್ಷದಿಂದಲೂ ಎಣಿಸುವುದುಂಟು. ನಮ್ಮ ಕಾಲವನ್ನು ಯಾವುದರಿಂದ ಎಣಿಸಬೇಕೆಂದು ಯಾರಾದರೂ ಕೇಳಿದರೆ ಬಹುಮಂದಿ ‘ಮೊಬೈಲಿನಿಂದ’ ಎಂದಾರು. ನನಗೆ ತೋರುವ ಉತ್ತರ ಬೇರೆ. ಮೊಬೈಲು ಕಣ್ಣಿಗೆ ಕಾಣುವ ವಸ್ತು; ಅದನ್ನು ಮನೆಮನೆಗೆ ತಂದದ್ದು ಕಣ್ಣಿಗೆ ಅಷ್ಟಾಗಿ ಕಾಣದ ಇನ್ನೊಂದು. ಅದರ ಹೆಸರು ಕಂತು. ನಮ್ಮದು ಕಂತಿನ ಯುಗ ಎಂದರೆ ತಪ್ಪಾಗಲಾರದು. ಈ ಕಂತು ನಮ್ಮ ಸೀಮೆಯ ಬದುಕಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ, ಈ ಐದು ಊರುಗಳಲ್ಲಿ ಯಾವುದರ ಪೇಟೆಬೀದಿಯಲ್ಲಿ ನಡೆದು ಹೋದರೂ ಕಾಣುವ ನೋಟ ಒಂದೇ. ಹಿಂದೆ ಕಿರಾಣಿ, ಬಟ್ಟೆ, ಗೊಬ್ಬರ, ಬೀಜದ ಅಂಗಡಿಗಳಿದ್ದ ಸಾಲಿನಲ್ಲಿ ಈಗ ಮೊಬೈಲು, ಟೆಲಿವಿಷನ್ನು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ದ್ವಿಚಕ್ರ ವಾಹನಗಳ ಅಂಗಡಿಗಳು ಬಂದು ಕುಳಿತಿವೆ. ಬಾಗಿಲಿನ ಮೇಲೆ ‘ಸೊನ್ನೆ ಮುಂಗಡ, ಸೊನ್ನೆ ಬಡ್ಡಿ, ಸುಲಭ ಕಂತು’ ಎಂಬ ಫಲಕಗಳು. ಒಳಗೆ ಸಾಮಾನು ತೋರಿಸುವವನೊಬ್ಬ, ಸಾಲ ಬರೆಯುವವನೊಬ್ಬ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಒಂದು ಭಾವಚಿತ್ರ, ಇಷ್ಟಾದರೆ ಅರ್ಧ ತಾಸಿನೊಳಗೆ ಸಾಮಾನು ಮನೆಗೆ ಹೊರಡುತ್ತದೆ. 2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿ ಹತ್ತು ವರ್ಷ ತುಂಬುವುದರೊಳಗೆ ಸಂತೆಯ ಸೊಪ್ಪಿನ ಬುಟ್ಟಿಯವರೆಗೂ ಬಂದಿದೆ. ಮಿರ್ಚಿ ಮಂಡಕ್ಕಿಯ ಗಾಡಿಯ ಮೇಲೂ ಕ್ಯೂ.ಆರ್. ಫಲಕ ತೂಗುತ್ತದೆ. ಇದನ್ನೆಲ್ಲ ಪ್ರಗತಿಯಲ್ಲವೆಂದು ಯಾರೂ ಹೇಳಲಾರರು.

ಆದರೆ ಈ ಬದಲಾವಣೆಯನ್ನು ಕುರಿತು ನಮ್ಮ ಹಿರಿಯರೂ ಕೆಲವರು ಗುರುಗಳೂ ಆಡುವ ಮಾತೊಂದಿದೆ. ಈಗಿನ ಹುಡುಗರಿಗೆ ಶೋಕಿ ಹೆಚ್ಚಾಯಿತು, ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಮರೆತರು, ಮನೆಯಲ್ಲಿ ಜೋಳವಿಲ್ಲದಿದ್ದರೂ ಕೈಯಲ್ಲಿ ಮೊಬೈಲು ಬೇಕು, ಎಂಬುದೇ ಆ ಮಾತು. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಪೂರ್ಣ ಸತ್ಯವಿಲ್ಲ. ಪದವಿ ತರಗತಿಗೆ ಪ್ರವೇಶ ಪಡೆಯುವುದು, ಪರೀಕ್ಷಾ ಶುಲ್ಕ ಕಟ್ಟುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು, ಫಲಿತಾಂಶ ನೋಡುವುದು ಎಲ್ಲವೂ ಇಂದು ಆ ಪುಟ್ಟ ಯಂತ್ರದ ಮೂಲಕವೇ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆ ಕಾಲೇಜುಗಳು ಮುಚ್ಚಿದಾಗ ಮೊಬೈಲು ಇದ್ದವನಿಗೆ ಪಾಠ ದೊರೆಯಿತು, ಇಲ್ಲದವನಿಗೆ ದೊರೆಯಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಹಳ್ಳಿಯವನಿಗೆ ದ್ವಿಚಕ್ರ ವಾಹನ ಶೋಕಿಯಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಜ್ವರ ಬಂದ ಮಗು ಎಲ್ಲವೂ ಅದರ ಮೇಲೆಯೇ ಪೇಟೆಗೆ ಬರಬೇಕು. ಸಂಬಳದವರ ಮನೆಗೆ ಮಿಕ್ಸಿ ಬಂದರೆ ಅನುಕೂಲವೆನ್ನುತ್ತೇವೆ, ಕೂಲಿಯವರ ಮನೆಗೆ ಬಂದರೆ ಶೋಕಿಯೆನ್ನುತ್ತೇವೆ. ಈ ಎರಡು ಅಳತೆಗೋಲು ನ್ಯಾಯವಲ್ಲ. ಹಗಲೆಲ್ಲ ಹೊಲದಲ್ಲಿ ಬೆನ್ನು ಬಗ್ಗಿಸಿ ಬಂದ ತಾಯಿ ಇರುಳಿನಲ್ಲಿ ರುಬ್ಬುಗುಂಡಿನ ಮುಂದೆ ಕುಳಿತರೇನೇ ಸಂಸ್ಕೃತಿ ಉಳಿಯುವುದೆಂದು ವಾದಿಸುವವರು ಒಂದು ವಾರ ತಾವೇ ರುಬ್ಬಿ ನೋಡಲಿ.

ಆದುದರಿಂದ ಜನ ವಸ್ತುಗಳನ್ನು ಕೊಳ್ಳುವುದು ದೋಷವಲ್ಲ, ಬಯಸುವುದೂ ದೋಷವಲ್ಲ. ದೋಷವಿರುವುದು ಬೇರೊಂದು ಕಡೆ. ನಮ್ಮ ಸೀಮೆಗೆ ಹಣ ಬರುವ ಕಾಲವೊಂದು, ಕಂತು ಕೇಳುವ ಕಾಲವೊಂದು. ಈ ಎರಡು ಪಂಚಾಂಗಗಳೂ ಒಂದಕ್ಕೊಂದು ಕೂಡುವುದಿಲ್ಲ.

ನಮ್ಮ ನೆಲದ ರೀತಿಯನ್ನು ಸ್ವಲ್ಪ ನೋಡೋಣ. ತುಂಗಭದ್ರೆ ನಮ್ಮ ಪಕ್ಕದಲ್ಲಿಯೇ ಹರಿಯುತ್ತಾಳೆ. 1953ರಲ್ಲಿ ಆಕೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚನ್ನು ಮುಟ್ಟುತ್ತದೆ. ಆದರೂ ಈ ಐದು ತಾಲ್ಲೂಕುಗಳ ಹೆಚ್ಚಿನ ಹೊಲ ಇಂದಿಗೂ ಮುಗಿಲು ನೋಡುವ ಹೊಲವೇ. ರೋಹಿಣಿ ಮಳೆಗೆ ನೆಲ ಹದವಾಗಬೇಕು, ಮೃಗಶಿರಾ ಆರಿದ್ರಾ ಮಳೆಗಳಿಗೆ ಬಿತ್ತಬೇಕು. ಕೂಡ್ಲಿಗಿಯ ಕೆಂಪು ಮಸಾರಿಯ ಶೇಂಗಾ, ಹರಪನಹಳ್ಳಿಯ ಮೆಕ್ಕೆಜೋಳ, ಕೊಟ್ಟೂರು ಸೀಮೆಯ ಈರುಳ್ಳಿ ಇವೆಲ್ಲ ಮಹಾನವಮಿಯಿಂದ ದೀಪಾವಳಿಯ ಆಚೀಚೆಯೊಳಗೆ ಮನೆಗೆ ಬರುವ ಬೆಳೆಗಳು. ಎರೆ ಹೊಲ ಉಳ್ಳವರಿಗೆ ಹಿಂಗಾರಿಯ ಜೋಳ ಕಡಲೆ ಸಂಕ್ರಾಂತಿಯ ಮೇಲೆ ಕೈಗೆ ಬರುತ್ತವೆ. ಹೊಲವಿಲ್ಲದವರು ಸುಗ್ಗಿ ಕೂಲಿ ಮುಗಿದ ಮೇಲೆ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುತ್ತಾರೆ. ಅವರ ಹಣ ಅವರು ತಿರುಗಿ ಬಂದಾಗ ಬರುತ್ತದೆ. ಹಡಗಲಿಯ ಮಲ್ಲಿಗೆಯವರು ಮಾತ್ರ ಇದಕ್ಕೆ ಸ್ವಲ್ಪ ಹೊರತು. ಹೂವು ಬಿಡುವ ತಿಂಗಳುಗಳಲ್ಲಿ ಅವರಿಗೆ ದಿನದಿನವೂ ನಾಲ್ಕು ಕಾಸು ಕಾಣುತ್ತದೆ. ಚಳಿ ಬಿದ್ದರೆ ಅವರ ಬುಟ್ಟಿಯೂ ಬರಿದೇ. ಒಟ್ಟಿನಲ್ಲಿ ನಮ್ಮಲ್ಲಿ ಹಣವೆಂಬುದು ನಲ್ಲಿಯ ನೀರಿನಂತೆ ಬರುವುದಿಲ್ಲ, ಹಳ್ಳದ ನೀರಿನಂತೆ ಬರುತ್ತದೆ. ಬಂದಾಗ ತುಂಬಿ ಬರುತ್ತದೆ, ಉಳಿದ ಕಾಲದಲ್ಲಿ ಮರಳು.

ಅದೂ ಪ್ರತಿವರ್ಷ ಬಂದೀತೆಂಬ ಭರವಸೆ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. ಮಳೆ ಚೆನ್ನಾಗಿ ಆದ ವರ್ಷ ಬೆಲೆ ಕೈಕೊಡುವುದೂ ಉಂಟು. 2025ರ ಮುಂಗಾರಿನ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತ್ತು. ಬೆಳೆ ಬಂದಾಗ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದು, ನವೆಂಬರಿನಲ್ಲಿ ಉತ್ತರ ಕರ್ನಾಟಕದ ರೈತರು ಬೀದಿಗಿಳಿದರು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರಣಿಕವನ್ನು ಕೇಳಲು ಲಕ್ಷಾಂತರ ಜನ ಕೂಡುವುದು ಬರಿಯ ಭಕ್ತಿಯಿಂದಲ್ಲ. ಬರುವ ವರ್ಷದ ಮಳೆ ಬೆಳೆಯನ್ನು ಯಾರಾದರೂ ಮೊದಲೇ ಹೇಳಲಿ ಎಂಬ ಹಸಿವು ಈ ನೆಲದ ಒಕ್ಕಲಿಗನಿಗೆ ಯಾವಾಗಲೂ ಇದೆ. ಆ ಸಾಲಿಗೆ ಹತ್ತು ಜನ ಹತ್ತು ಅರ್ಥ ಹೇಳಿಕೊಂಡು ಮನೆಗೆ ಹೋಗುತ್ತಾರೆ. ನಾಳೆ ಏನಾದೀತೆಂಬುದು ಯಾರಿಗೂ ಗೊತ್ತಿಲ್ಲವೆಂದು ಎಲ್ಲರಿಗೂ ಗೊತ್ತು.

ಇಂಥ ನೆಲದಲ್ಲಿ ಹಿಂದಿನವರು ಸಾಮಾನು ಕೊಳ್ಳುತ್ತಿದ್ದುದು ಹೇಗೆ? ಎರಡು ದಾರಿಗಳಿದ್ದವು. ಮೊದಲನೆಯದು ಜಾತ್ರೆ. ಕೊಟ್ಟೂರಿನ ಗುರುಬಸವೇಶ್ವರರ ತೇರು, ಮೈಲಾರದ ಕಾರಣಿಕ, ಎರಡೂ ಸುಗ್ಗಿ ಮುಗಿದ ಮೇಲೆ ಬರುವ ಮಾಘ ಮಾಸದ ಸುಮಾರಿಗೇ ಬರುತ್ತವೆ. ಕಬ್ಬಿಣದ ಸಾಮಾನು, ಕಂಬಳಿ, ಪಾತ್ರೆ, ಬಳೆ, ಎತ್ತಿನ ಅಲಂಕಾರ ಎಲ್ಲವನ್ನೂ ಕೈಯಲ್ಲಿ ಕಾಸಿರುವ ಆ ದಿನಗಳಲ್ಲಿಯೇ ಕೊಳ್ಳುತ್ತಿದ್ದರು. ಎರಡನೆಯದು ಉದ್ರಿ. ಅಂಗಡಿಯವನ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಹೆಸರು ಬರೆಸಿ ಉಪ್ಪು ಎಣ್ಣೆ ಬೆಲ್ಲ ತರುವುದು, ಶೇಂಗಾ ಮಾರಿದ ದಿನ ಚುಕ್ತಾ ಮಾಡುವುದು. ಆ ಪುಸ್ತಕಕ್ಕೆ ಮಳೆಯ ಸುದ್ದಿ ತಿಳಿದಿತ್ತು. ಹುಬ್ಬಿ ಮಳೆ ಹೋಯಿತೆಂದರೆ ಅಂಗಡಿಯವನೇ ‘ಈ ವರ್ಷ ಅರ್ಧ ಕೊಡು, ಉಳಿದದ್ದು ಮುಂದೆ ನೋಡೋಣ’ ಎನ್ನುತ್ತಿದ್ದ. ಅವನು ಧರ್ಮಾತ್ಮನೆಂದು ಹಾಗೆನ್ನುತ್ತಿರಲಿಲ್ಲ. ಬರಿದಾದ ಕಣಜದಿಂದ ಕಾಳು ಹೊರಡದೆಂಬುದು ಅವನಿಗೆ ಗೊತ್ತಿತ್ತು.

ಉದ್ರಿಯನ್ನು ಹೊಗಳಿ ಹಿಂದಿನ ಕಾಲಕ್ಕೆ ತಿರುಗೋಣವೆಂದು ನಾನು ಹೇಳುತ್ತಿಲ್ಲ. ಆ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು ಓದಲು ಬಾರದ ಒಕ್ಕಲಿಗನಿಗೆ ತಿಳಿಯುತ್ತಿರಲಿಲ್ಲ. ಉದ್ರಿಯವನಿಗೆ ತೂಕದಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು. ಬೆಳೆಯನ್ನು ಅದೇ ಸಾಹುಕಾರನಿಗೆ ಅವನು ಹೇಳಿದ ದರಕ್ಕೆ ಅಳೆಯಬೇಕಾಗಿತ್ತು. ಕೆಲವರಿಗೆ ಅಂಗಡಿಯ ಒಳಗೆ ಕೂಡಲು ಚಾಪೆ, ಕೆಲವರಿಗೆ ಹೊರಗೆ ನಿಂತು ಕೈ ಚಾಚುವ ಕಟ್ಟಳೆ. ಸಾಲಕ್ಕೆ ಬದಲಾಗಿ ಮಗನನ್ನು ಜೀತಕ್ಕಿಟ್ಟ ಮನೆಗಳೂ ಇದ್ದವು. 1976ರಲ್ಲಿ ಜೀತಪದ್ಧತಿಯ ನಿರ್ಮೂಲನಕ್ಕೆ ಶಾಸನವೇ ಆಗಬೇಕಾಯಿತು. ಇಂದು ಅಂಗಡಿಯ ಯಂತ್ರ ಆಧಾರ್ ಸಂಖ್ಯೆ ಕೇಳುತ್ತದೆಯೇ ಹೊರತು ಕೇರಿ ಯಾವುದೆಂದು ಕೇಳುವುದಿಲ್ಲ. ಅಜ್ಜನನ್ನು ಹೊರಗೆ ನಿಲ್ಲಿಸಿದ ಪೇಟೆಯಲ್ಲಿ ಮೊಮ್ಮಗ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಕುರ್ಚಿಯ ಮೇಲೆ ಕೂಡುತ್ತಾನೆ. ಇದು ಸಣ್ಣ ಲಾಭವಲ್ಲ. ಕಂತನ್ನು ಟೀಕಿಸುವವರು ಮೊದಲು ಈ ಲಾಭವನ್ನು ಒಪ್ಪಿ ಮುಂದೆ ಮಾತಾಡಬೇಕು.

ಒಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆ ಇದು: ಸಾಹುಕಾರನ ದರ್ಪ ಹೋಗುವಾಗ ಅವನಿಗಿದ್ದ ಮಳೆಯ ತಿಳಿವಳಿಕೆಯೂ ಜೊತೆಗೇ ಹೋಗಬೇಕಾಗಿತ್ತೆ? ಕಂತಿನ ಪಂಚಾಂಗದಲ್ಲಿ ತಿಥಿ ನಕ್ಷತ್ರಗಳಿಲ್ಲ, ಮುಂಗಾರು ಹಿಂಗಾರುಗಳಿಲ್ಲ. ಅದರಲ್ಲಿರುವುದು ತಿಂಗಳ ಎರಡನೆಯ ತಾರೀಖು ಅಥವಾ ಐದನೆಯ ತಾರೀಖು ಒಂದೇ. ಸಾಲ ಬರೆಯುವಾಗಲೇ ಖಾತೆಯಿಂದ ಹಣ ತಾನಾಗಿ ಕಡಿದುಕೊಳ್ಳಲು ಒಪ್ಪಿಗೆ ಪಡೆದಿರುತ್ತಾರೆ. ಹಿಂದೆ ಬ್ಯಾಂಕಿನ ರಜಾದಿನವಾದರೂ ಅದಕ್ಕೆ ಬಿಡುವಿತ್ತು. 2021ರ ಆಗಸ್ಟ್ 1ರಿಂದ ಈ ವ್ಯವಸ್ಥೆ ವಾರದ ಏಳು ದಿನವೂ ನಡೆಯತೊಡಗಿ, ಭಾನುವಾರವೂ ಹಬ್ಬದ ದಿನವೂ ಕಂತಿಗೆ ದುಡಿಯುವ ದಿನಗಳಾದವು. ಖಾತೆಯಲ್ಲಿ ಹಣವಿಲ್ಲದಿದ್ದರೆ ಸಾಲ ಕೊಟ್ಟ ಸಂಸ್ಥೆಯದೊಂದು ದಂಡ, ಖಾತೆಯಿರುವ ಬ್ಯಾಂಕಿನದೊಂದು ದಂಡ. ಸಾವಿರ ರೂಪಾಯಿಯ ಕಂತು ತಪ್ಪಿದವನು ಅದರ ಮೇಲೆ ಹಲವು ನೂರು ದಂಡ ತೆರುವುದನ್ನು ನಮ್ಮ ಊರುಗಳಲ್ಲಿ ಯಾರು ಬೇಕಾದರೂ ಕಾಣಬಹುದು. ಅದರ ಜೊತೆಗೆ ಸಾಲದ ಚರಿತ್ರೆಯ ಅಂಕ ಇಳಿಯುತ್ತದೆ. ಆಷಾಢದಲ್ಲಿ ಒಂದು ಕಂತು ತಪ್ಪಿದ ಹುಡುಗನಿಗೆ ಮುಂದೆ ನೌಕರಿ ದೊರೆತು ಮನೆ ಕಟ್ಟಲು ಸಾಲ ಕೇಳಿದಾಗ ಆ ಆಷಾಢ ಎದುರಿಗೆ ಬಂದು ನಿಲ್ಲಬಹುದು.

ಇನ್ನು ‘ಸೊನ್ನೆ ಬಡ್ಡಿ’ಯ ವಿಚಾರ. ಹಣಕ್ಕೆ ಬಾಡಿಗೆ ಇಲ್ಲದೆ ಯಾರೂ ಹಣ ಕೊಡುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದನ್ನೇ ಬ್ಯಾಂಕುಗಳಿಗೆ ತಿಳಿಸಿತು: ಸೊನ್ನೆ ಬಡ್ಡಿ ಎಂಬ ಕಲ್ಪನೆಯೇ ಇಲ್ಲದ್ದು, ಬಡ್ಡಿಯನ್ನು ಸಂಸ್ಕರಣ ಶುಲ್ಕದಲ್ಲಿ ಅಡಗಿಸಿ ಗಿರಾಕಿಯನ್ನು ಮರುಳು ಮಾಡಬಾರದು ಎಂಬುದು ಅದರ ಸಾರ. ಆದರೂ ಫಲಕಗಳು ಹೋಗಿಲ್ಲ. ನಗದು ಕೊಡುವವನಿಗೆ ದೊರೆಯುವ ರಿಯಾಯಿತಿ ಕಂತಿನವನಿಗೆ ದೊರೆಯದಿದ್ದರೆ ಅದೇ ಬಡ್ಡಿ. ಕಡತದ ಖರ್ಚೆಂದು ಮೊದಲೇ ಕೊಳ್ಳುವುದೂ ಬಡ್ಡಿಯೇ.

ಬಡ್ಡಿ ಇದೆಯೆಂದು ಒಪ್ಪುವ ಸಾಲದಲ್ಲಿಯೂ ಲೆಕ್ಕದ ಒಂದು ಒಳಸುಳಿ ಇದೆ. 10,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12ರಂತೆ 1,200 ಬಡ್ಡಿ ಸೇರಿಸಿ, 11,200 ರೂಪಾಯಿಗಳನ್ನು ಹನ್ನೆರಡು ಸಮ ಕಂತುಗಳಾಗಿ ಮಾಡುತ್ತಾರೆ. ಕೇಳುವವನು ‘ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ನಮ್ಮೂರ ಸಾಹುಕಾರ ಎರಡು ರೂಪಾಯಿ ಕೇಳುತ್ತಾನೆ’ ಎಂದು ಸಂತೋಷಪಡುತ್ತಾನೆ. ಆದರೆ ಪೂರ್ತಿ ಹತ್ತು ಸಾವಿರ ಅವನ ಕೈಯಲ್ಲಿರುವುದು ಮೊದಲ ತಿಂಗಳು ಮಾತ್ರ. ತಿಂಗಳು ತಿಂಗಳೂ ಅಸಲು ಇಳಿಯುತ್ತ ಹೋಗಿ ಕೊನೆಯ ತಿಂಗಳಿಗೆ ಸಾವಿರಕ್ಕಿಂತ ಕಡಿಮೆ ಉಳಿದಿರುತ್ತದೆ. ವರ್ಷವಿಡೀ ಸರಾಸರಿ ತೆಗೆದರೆ ಅವನು ಬಳಸಿದ್ದು ಐದೂವರೆ ಸಾವಿರಕ್ಕೂ ಸ್ವಲ್ಪ ಕಡಿಮೆ. ಅದಕ್ಕೆ 1,200 ಬಡ್ಡಿಯೆಂದರೆ ನಿಜವಾದ ದರ ನೂರಕ್ಕೆ 21ರ ಮೇಲಾಯಿತು. ಒಂದು ರೂಪಾಯಿ ಬಡ್ಡಿಯೆಂದದ್ದು ಸಾಹುಕಾರನ ಎರಡು ರೂಪಾಯಿಯ ನೆರೆಯಲ್ಲೇ ಬಂದು ನಿಂತಿತು. ಈ ಲೆಕ್ಕ ಬಿಡಿಸಲು ಪ್ರೌಢಶಾಲೆಯ ಗಣಿತ ಸಾಕು. ಬಿಡಿಸಿ ಹೇಳುವವರು ಇಲ್ಲ, ಅಷ್ಟೆ.

ಹೆಂಗಸರ ಗುಂಪು ಸಾಲಗಳಲ್ಲಿ ಈ ಪಂಚಾಂಗದ ಕಷ್ಟ ಇನ್ನೂ ಹರಿತವಾಗಿ ಕಾಣುತ್ತದೆ. ಅಲ್ಲಿ ತಿಂಗಳೂ ಇಲ್ಲ, ಎಷ್ಟೋ ಕಡೆ ವಾರಕ್ಕೊಮ್ಮೆ ಇಲ್ಲವೆ ಹದಿನೈದು ದಿನಕ್ಕೊಮ್ಮೆ ಕಂತು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕಾದುದರಿಂದ ಓಣಿಯ ಗೆಳತಿಯರೇ ವಸೂಲಿಗಾರರಾಗುತ್ತಾರೆ. ಕಳೆ ತೆಗೆಯುವ ಕೂಲಿ ಇರುವ ತಿಂಗಳಲ್ಲಿ ಕಂತು ಹಗುರ; ಬೇಸಿಗೆಯಲ್ಲಿ ಒಂದು ಸಂಸ್ಥೆಯ ಕಂತು ಕಟ್ಟಲು ಇನ್ನೊಂದು ಸಂಸ್ಥೆಯ ಸಾಲ ಎತ್ತುವುದು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ನಮ್ಮ ಎಷ್ಟೋ ಮನೆಗಳಲ್ಲಿ ಮನೆಯೊಡತಿಯ ಹೆಸರಿಗೆ ಬಂದ ಮೊಟ್ಟಮೊದಲ ಮಾಸಿಕ ವರಮಾನ. ಆ ಹಣ ಮಕ್ಕಳ ಪುಸ್ತಕಕ್ಕೆ, ಔಷಧಕ್ಕೆ ಹೋಗಬೇಕಾದುದು. ಕಂತಿನ ಖಾತೆಯೂ ಅದೇ ಆಗಿದ್ದರೆ ಹಣ ಬಂದ ಸಪ್ಪಳ ಮನೆಯವರಿಗೆ ಕೇಳುವ ಮೊದಲೇ ಹೋದ ಸಪ್ಪಳ ಕೇಳುತ್ತದೆ.

2025ರ ಆರಂಭದಲ್ಲಿ ವಸೂಲಿಯ ಕಿರುಕುಳ ತಾಳದೆ ಚಾಮರಾಜನಗರ ಮೊದಲಾದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು ಎಲ್ಲರೂ ಓದಿದೆವು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಮುಂದೆ ಅದು ಶಾಸನವಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ. ಇದಕ್ಕೂ ಹಿಂದೆ, 2022ರ ಏಪ್ರಿಲ್ 1ರಿಂದ, ವರ್ಷಕ್ಕೆ 3 ಲಕ್ಷದವರೆಗೆ ವರಮಾನವಿರುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಆ ಕುಟುಂಬದ ಮಾಸಿಕ ವರಮಾನದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು ಕಟ್ಟು ಮಾಡಿತ್ತು. ಈ ನಿಯಮಗಳೆಲ್ಲ ಒಳ್ಳೆಯವು, ಬೇಕಾದವು. ಆದರೆ ‘ಮಾಸಿಕ ವರಮಾನ’ ಎಂಬ ಮಾತಿನಲ್ಲಿಯೇ ನಮ್ಮ ತೊಂದರೆ ಅಡಗಿದೆ. ವರ್ಷದ ವರಮಾನವನ್ನು ಹನ್ನೆರಡರಿಂದ ಭಾಗಿಸಿದರೆ ಕಾಗದದ ಮೇಲೆ ಮಾಸಿಕ ವರಮಾನ ಸಿಗುತ್ತದೆ, ಜೇಬಿನಲ್ಲಿ ಸಿಗುವುದಿಲ್ಲ. ಬಾಗಿಲು ಬಡಿಯುವ ಕೈಯನ್ನು ಶಾಸನ ತಡೆಯಬಲ್ಲದು. ತಾರೀಖನ್ನು ಅದು ಬದಲಿಸಲಿಲ್ಲ.

ಹಾಗಾದರೆ ತಾರೀಖನ್ನು ಬದಲಿಸುವುದು ಸಾಧ್ಯವೆ? ಸಾಧ್ಯವೆಂದು ನಾನು ನಂಬಿದ್ದೇನೆ. ಅದಕ್ಕೆ ಸಾಕ್ಷಿ ನಮ್ಮ ಕಣ್ಣ ಮುಂದೆಯೇ ಇದೆ. ಟ್ರ್ಯಾಕ್ಟರಿಗೆ ಸಾಲ ಕೊಡುವಾಗ ಬ್ಯಾಂಕುಗಳು ಬೆಳೆ ಬರುವ ಕಾಲ ನೋಡಿ ಆರು ತಿಂಗಳಿಗೊಮ್ಮೆ ಇಲ್ಲವೆ ವರ್ಷಕ್ಕೊಮ್ಮೆ ಕಂತು ಗೊತ್ತು ಮಾಡುವ ಪದ್ಧತಿ ಬಹುಕಾಲದಿಂದ ಇದೆ. ಬೆಳೆ ಸಾಲದ ನಿಯಮವೂ ಹಾಗೆಯೇ. ಬೇರೆ ಸಾಲಗಳು 90 ದಿನ ಬಾಕಿ ಬಿದ್ದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತವೆ. ಅಲ್ಪಾವಧಿ ಬೆಳೆಗಳ ಸಾಲವಾದರೆ ಎರಡು ಬೆಳೆ ಹಂಗಾಮುಗಳು ಕಳೆಯುವವರೆಗೆ ಕಾಯಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಒಂದೇ ಮನೆಯ ಒಬ್ಬನೇ ಒಕ್ಕಲಿಗ ಟ್ರ್ಯಾಕ್ಟರು ಕೊಳ್ಳಲು ಹೋದರೆ ಅವನಿಗೆ ಸುಗ್ಗಿಯಿದೆಯೆಂದು ಬ್ಯಾಂಕಿಗೆ ತಿಳಿಯುತ್ತದೆ. ಅವನೇ ಮಗಳಿಗೆ ಮೊಬೈಲು ಕೊಳ್ಳಲು ಹೋದರೆ ಅವನು ಪಟ್ಟಣದ ಸಂಬಳಗಾರನಾಗಿಬಿಡುತ್ತಾನೆ. ಈ ವಿಚಿತ್ರಕ್ಕೆ ಕಾರಣ ಅಜ್ಞಾನವಲ್ಲ, ಅಲಕ್ಷ್ಯ.

ನಮ್ಮ ನೆರೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು 1904ರಲ್ಲಿ ಸಹಕಾರಿ ಶಾಸನವಾದ ಮಾರನೆಯ ವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಒಂದು ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಅದು ಹಡಗಲಿಯಿಂದ ದೂರದ ಊರೇನಲ್ಲ. ಬಿತ್ತುವಾಗ ಕೊಟ್ಟು ಬೆಳೆದಾಗ ಪಡೆಯುವುದು ಕೃಷಿ ಸಹಕಾರದ ಜೀವಾಳ. ಆ ಪರಂಪರೆಯ ಸಂಘಗಳಲ್ಲಿ ಇಂದು ರೈತನಿಗೆ 5 ಲಕ್ಷ ರೂಪಾಯಿಯವರೆಗೆ ಬಡ್ಡಿಯಿಲ್ಲದ ಅಲ್ಪಾವಧಿ ಸಾಲವಿದೆ. 2023ರಲ್ಲಿ ಈ ಮಿತಿಯನ್ನು 3 ಲಕ್ಷದಿಂದ ಏರಿಸಿದರು. ಅಲ್ಲಿಯೂ ಬಡ್ಡಿ ಇಲ್ಲವೆಂದಲ್ಲ, ಅದನ್ನು ಸರ್ಕಾರ ತೆರುತ್ತದೆ ಮತ್ತು ಹಾಗೆಂದು ಬಹಿರಂಗವಾಗಿ ಹೇಳುತ್ತದೆ. ಅಂಗಡಿಯ ಸೊನ್ನೆಗೂ ಸಂಘದ ಸೊನ್ನೆಗೂ ಇರುವ ಭೇದ ಇದು.

‘ಸಣ್ಣ ಸಣ್ಣ ಸಾಲಕ್ಕೆಲ್ಲ ಮಳೆ ಬೆಳೆ ನೋಡುತ್ತ ಕೂತರೆ ಲೆಕ್ಕವಿಡುವುದು ಹೇಗೆ?’ ಎಂದು ಸಂಸ್ಥೆಗಳವರು ಕೇಳಿಯಾರು. ಈ ಕಾಲದಲ್ಲಿ ಆ ಪ್ರಶ್ನೆ ನಿಲ್ಲುವುದಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ಮೂಲಕ ಬಂದ ಹಣವನ್ನು ಎಣಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂದುದನ್ನು ಪತ್ರಿಕೆಗಳಲ್ಲಿ ಓದಿದೆವು. ಬೆಂಗಳೂರಿನ ಎಷ್ಟೋ ಅಂಗಡಿಗಳವರು ಹೆದರಿ ಕ್ಯೂ.ಆರ್. ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದರು. ಆಮೇಲೆ ಸರ್ಕಾರ ಹಳೆಯ ಬಾಕಿ ಕೇಳುವುದಿಲ್ಲವೆಂದು ಸಮಾಧಾನ ಹೇಳಿತು. ಆ ಪ್ರಕರಣದ ನ್ಯಾಯಾನ್ಯಾಯ ಇಲ್ಲಿ ಬೇಡ. ಅದು ಕಲಿಸಿದ ಪಾಠವಿಷ್ಟು: ಬುಟ್ಟಿ ವ್ಯಾಪಾರದವರ ಹಣ ಯಾವ ದಿನ ಬಂತು, ಎಷ್ಟು ಬಂತು ಎಂಬುದೆಲ್ಲ ಇಂದು ಯಂತ್ರಗಳಿಗೆ ಗೊತ್ತು. ತೆರಿಗೆ ಕೇಳುವಾಗ ಅಷ್ಟು ಸೂಕ್ಷ್ಮವಾಗಿ ಓದಬಲ್ಲ ಲೆಕ್ಕವನ್ನು ಕಂತಿನ ತಾರೀಖು ಇಡುವಾಗ ಏಕೆ ಓದಬಾರದು? ಶೇಂಗಾದವನ ಖಾತೆ ಕಾರ್ತಿಕದಲ್ಲಿ ತುಂಬಿ ವೈಶಾಖದಲ್ಲಿ ಬರಿದಾಗುವುದು ಆ ಯಂತ್ರಕ್ಕೆ ಕಾಣದ ಸಂಗತಿಯಲ್ಲ.

ಸುಗ್ಗಿಯ ಕಂತಿಗೆ ಬಡ್ಡಿ ಸ್ವಲ್ಪ ಹೆಚ್ಚು ಬೀಳುವುದೆಂಬುದು ನಿಜ; ಅಸಲು ಹೆಚ್ಚು ದಿನ ಕೈಯಲ್ಲಿರುತ್ತದೆ. ಆದರೆ ದಂಡದ ಮೇಲೆ ದಂಡ ತೆತ್ತು, ಸಾಲ ತೀರಿಸಲು ಸಾಲ ಮಾಡುವುದಕ್ಕಿಂತ ಗೊತ್ತಿರುವ ಬಡ್ಡಿ ಲೇಸು. ತಿಂಗಳ ಕಂತು ಶಿಸ್ತು ಕಲಿಸುತ್ತದೆ ಎಂಬ ಮಾತೂ ಇದೆ. ಆರು ತಿಂಗಳು ಬೆವರು ಸುರಿಸಿ ಫಲಕ್ಕೆ ಕಾಯುವವರಿಗೆ ಶಿಸ್ತನ್ನು ಬೇರೆ ಕಲಿಸಬೇಕಾಗಿಲ್ಲ.

ಇದೆಲ್ಲ ದೊಡ್ಡವರು ಮಾಡಬೇಕಾದ ಕೆಲಸ. ವಿದ್ಯಾರ್ಥಿಗಳಾದ ನಮ್ಮ ಪಾಲಿಗೆ ಏನಿದೆ ಎಂದು ಮಿತ್ರರು ಕೇಳಬಹುದು. ಬಹಳವಿದೆ. 2024ರ ಅಕ್ಟೋಬರ್ 1ರಿಂದ ಪ್ರತಿಯೊಂದು ಚಿಲ್ಲರೆ ಸಾಲದವನಿಗೂ ‘ಮುಖ್ಯ ಸಂಗತಿಗಳ ಪತ್ರ’ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲ ಶುಲ್ಕಗಳೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಒಪ್ಪಿಗೆಯಿಲ್ಲದೆ ಆಮೇಲೆ ಹೇರುವಂತಿಲ್ಲ. ಮುಖ್ಯವಾಗಿ, ಅದು ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಎಂದರೆ ನಮ್ಮಲ್ಲಿ ಅದು ಕನ್ನಡದಲ್ಲಿರಬೇಕು. ಮೊಬೈಲಿನ ಆ್ಯಪುಗಳ ಮೂಲಕ ಪಡೆದ ಸಾಲವನ್ನು ಗೊತ್ತಾದ ಕೆಲವು ಕಾಲದೊಳಗೆ ದಂಡವಿಲ್ಲದೆ ಹಿಂದಿರುಗಿಸುವ ಅವಕಾಶವೂ ಇದೆ. ಈ ಹಕ್ಕುಗಳು ಪುಸ್ತಕದಲ್ಲಿವೆ. ಅಂಗಡಿಯ ಮೇಜಿನ ಮೇಲೆ ಅವು ಬರಬೇಕಾದರೆ ಕೇಳುವ ಬಾಯಿ ಬೇಕು. ನಮ್ಮ ತಂದೆ ತಾಯಿಗಳಲ್ಲಿ ಅನೇಕರು ಬೆರಳನ್ನು ಯಂತ್ರದ ಮೇಲಿಟ್ಟು ಬರುವವರು. ಮನೆಯಲ್ಲಿ ಮೊದಲನೆಯದಾಗಿ ಪದವಿಗೆ ಬಂದವರು ನಾವು. ಹಳಗನ್ನಡದ ಪದ್ಯಕ್ಕೆ ಅರ್ಥ ಬರೆಯಲು ಕಲಿತವರು ಹತ್ತು ಸಾವಿರ ರೂಪಾಯಿಯ ಕರಾರು ಪತ್ರಕ್ಕೆ ಅರ್ಥ ಹೇಳದಿದ್ದರೆ ಆ ಕಲಿಕೆಯಿಂದ ಮನೆಗೆ ಬಂದ ಲಾಭವೇನು?

ಆದುದರಿಂದ ನನ್ನ ಸೂಚನೆ ಇಷ್ಟೇ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವ, ಗಿಡ ನೆಡುವ ಕಾರ್ಯಗಳ ಜೊತೆಗೆ ಒಂದು ಸಂಜೆಯನ್ನು ಸಾಲದ ಲೆಕ್ಕಕ್ಕೆ ಮೀಸಲಿಡೋಣ. ಊರವರು ತಂದ ಕಾಗದಗಳನ್ನು ಓದಿ ಮೂರು ಪ್ರಶ್ನೆಗಳಿಗೆ ಉತ್ತರ ಹೇಳೋಣ: ನಗದಾದರೆ ಎಷ್ಟು, ಎಲ್ಲ ಸೇರಿ ಎಷ್ಟು, ಕಂತು ಬರುವ ತಿಂಗಳಲ್ಲಿ ಮನೆಗೆ ಹಣ ಎಲ್ಲಿಂದ ಬರುತ್ತದೆ? ಅರ್ಥಶಾಸ್ತ್ರ, ವಾಣಿಜ್ಯ ವಿಭಾಗದ ಗುರುಗಳು ಮುಂದೆ ನಿಂತರೆ ಇದು ಕಷ್ಟದ ಕೆಲಸವಲ್ಲ. ನಮ್ಮ ಸಹಕಾರಿ ಸಂಘಗಳೂ ಬ್ಯಾಂಕುಗಳೂ ಗೊಬ್ಬರ ಬೀಜಕ್ಕಷ್ಟೇ ಅಲ್ಲದೆ ಮನೆಬಳಕೆಯ ಸಾಮಾನಿಗೂ ಸುಗ್ಗಿಯ ಕಂತಿನ ಸಾಲ ಕೊಡಲೆಂದು ಊರೂರಿನಿಂದ ಅರ್ಜಿ ಬರೆಸೋಣ. ಅರ್ಜಿ ಬರೆಯುವುದನ್ನಾದರೂ ನಾವು ಕಲಿತಿದ್ದೇವೆ.

ಹೊಸ ವಸ್ತುಗಳು ಬಂದಿವೆ, ಇನ್ನೂ ಬರುತ್ತವೆ. ಅವುಗಳನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ, ಬಡವರಿಗೆ ಬೇಡವೆನ್ನುವ ಹಕ್ಕಂತೂ ಉಳ್ಳವರಿಗೆ ಖಂಡಿತವಾಗಿ ಇಲ್ಲ. ಆದರೆ ಈ ನೆಲದಲ್ಲಿ ವ್ಯಾಪಾರ ಮಾಡಬಂದವರು ಈ ನೆಲದ ತಿಥಿ ವಾರಗಳನ್ನು ಕಲಿಯಬೇಕು. ಮೃಗಶಿರೆಗೆ ಬಿತ್ತಿದವನನ್ನು ಆರಿದ್ರೆಯಲ್ಲಿ ರಾಶಿ ಎಲ್ಲಿ ಎಂದು ಕೇಳಬಾರದು. ಇಷ್ಟು ತಿಳಿವಳಿಕೆ ಓದು ಬಾರದ ಅಂಗಡಿಕಾರನಿಗೂ ಇತ್ತು. ಓದಿದವರಿಂದ ಅದಕ್ಕಿಂತ ಕಡಿಮೆಯನ್ನು ನಾವು ಒಪ್ಪಬಾರದು.